ಫಿಂಚ್‌ನ ಬಣ್ಣ ಬದಲಾದದ್ದು ಯಾವಾಗ?

(ಕಾರವಾರದಲ್ಲಿ ಹಕ್ಕಿ ಸಾಕುವವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಂಕೋಲಾ, ಕುಮಟಾದವರು ಇದ್ದೀರಿ. ಈ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಶಿರಸಿಯಿಂದ ಬಂದವರೂ ಇದ್ದೀರಿ. ಹಕ್ಕಿಯ ಮೇಲಿನ ಪ್ರೀತಿ ಇಲ್ಲದಿದ್ದರೆ ಯಾರೂ ಇಷ್ಟು ದೂರ ಬರುವುದಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮನೆಯ ಪಂಜರದಲ್ಲಿ, ಕಾಳು ತಿನ್ನುವ ಸಣ್ಣ ಹಕ್ಕಿಯಾದ ಒಂದು ಫಿಂಚ್‌ನ ಬಣ್ಣ ಬೇರೆಯಾಗಿ ಕಂಡರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, "ಇದಕ್ಕೇನೋ ರೋಗ ಬಂದಿದೆ, ಯಾವ ಔಷಧಿ ಹಾಕೋಣ?" ಇನ್ನೊಂದು, "ಇದು ಅಪರೂಪದ ಮ್ಯುಟೇಶನ್, ಒಳ್ಳೆ ರೇಟು ಬರುತ್ತದೆ." ಮ್ಯುಟೇಶನ್ ಅಂದರೆ ಹುಟ್ಟಿನಿಂದಲೇ ಬಂದ, ಮರಿಗಳಿಗೂ ದಾಟುವ ಬದಲಾವಣೆ. ಎರಡೂ ಅವಸರದ ಮಾತು. ನನ್ನನ್ನು ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಈ ಬಣ್ಣ ಬಂದದ್ದು ಯಾವಾಗ? ಮರಿ ಗೂಡಿನಿಂದ ಹೊರಗೆ ಬರುವಾಗಲೇ ಹೀಗಿತ್ತಾ? ಹಳೆ ಗರಿ ಉದುರಿ ಹೊಸದು ಬಂದಾಗ ಬದಲಾಯಿತಾ? ಇಲ್ಲ, ಒಂದು ಗರಿಯೂ ಉದುರದೆ ಇದ್ದ ಗರಿಯೇ ಬೇರೆ ಬಣ್ಣಕ್ಕೆ ತಿರುಗಿತಾ? ಇದನ್ನು ಸರಿಯಾಗಿ ನೆನಪು ಮಾಡಿಕೊಂಡು ಹೇಳಿದರೆ ಅರ್ಧ ಕಾರಣ ಸಿಕ್ಕಂತೆ.

ಯಾಕೆ ಅಂದರೆ, ಬೆಳೆದು ಮುಗಿದ ಗರಿಗೆ ಜೀವ ಇರುವುದಿಲ್ಲ. ಅದು ನಮ್ಮ ಉಗುರಿನ ಹಾಗೆ. ಎಳೆ ಗರಿ ಚರ್ಮದಿಂದ ಹೊರಗೆ ಬರುವಾಗ ಅದರ ಕೊಳವೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ಬಣ್ಣದ ಕಣಗಳು ಗರಿಯೊಳಗೆ ಸೇರುವುದು ಆಗ ಮಾತ್ರ. ಗರಿ ಪೂರ್ತಿ ಬಿಚ್ಚಿಕೊಂಡ ಮೇಲೆ ರಕ್ತ ಒಣಗುತ್ತದೆ. ಆಮೇಲೆ ಹಕ್ಕಿ ಏನು ತಿಂದರೂ, ನೀವು ಏನು ಔಷಧಿ ಕುಡಿಸಿದರೂ ಆ ಗರಿಯ ಒಳಗಿನ ಬಣ್ಣ ಬದಲಾಗುವುದಿಲ್ಲ. ಇವತ್ತು ಟಾನಿಕ್ ಹಾಕಿ ಮುಂದಿನ ವಾರ ಬಣ್ಣ ನೋಡುವವರು ಸುಮ್ನೆ ಬೇಸರ ಮಾಡಿಕೊಳ್ಳುತ್ತಾರೆ. ಫಲ ಕಾಣುವುದು ಆ ಗರಿ ಉದುರಿ ಅದರ ಜಾಗದಲ್ಲಿ ಇನ್ನೊಂದು ಬಂದಾಗ.

ಬಣ್ಣದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಕಪ್ಪು, ಬೂದು, ಕಂದು, ಇಟ್ಟಿಗೆ ಬಣ್ಣಗಳು ಮೆಲನಿನ್‌ನಿಂದ ಬರುತ್ತವೆ. ಮೆಲನಿನ್ ಅನ್ನು ಹಕ್ಕಿ ತನ್ನ ಮೈಯಲ್ಲೇ ಮಾಡಿಕೊಳ್ಳುತ್ತದೆ. ಹಳದಿ, ಕಿತ್ತಳೆ, ಕೆಂಪು ಹೆಚ್ಚಾಗಿ ಕ್ಯಾರೊಟಿನಾಯ್ಡ್‌ಗಳಿಂದ. ಅವುಗಳ ಮೂಲವಸ್ತು ಊಟದಿಂದಲೇ ಬರಬೇಕು. ನೀಲಿಗೆ ಬಣ್ಣದ ಕಣವೇ ಇಲ್ಲ. ಗರಿಯ ಒಳರಚನೆ ಬೆಳಕನ್ನು ಚದುರಿಸುವ ರೀತಿಯಿಂದ ನಮಗೆ ನೀಲಿ ಕಾಣುತ್ತದೆ. ಮೆಲನಿನ್ ಬಣ್ಣ ಕೊಡುವುದಷ್ಟೇ ಅಲ್ಲ, ಗರಿಗೆ ಗಟ್ಟಿತನವನ್ನೂ ಕೊಡುತ್ತದೆ. ಚಳಿಗಾಲದಲ್ಲಿ ನಮ್ಮ ಕಡಲತೀರಕ್ಕೆ ಬರುವ ಗಲ್ ಹಕ್ಕಿಗಳನ್ನು ನೋಡಿ. ಮೈಯೆಲ್ಲ ಬಿಳಿ, ಬೂದು, ಆದರೆ ರೆಕ್ಕೆಯ ತುದಿ ಕಪ್ಪು. ಜಾಸ್ತಿ ಸವೆಯುವುದು ಆ ತುದಿಯೇ ಅಲ್ವಾ. ಪಂಜರದ ಬಿಳಿ ಫಿಂಚ್‌ಗಳ ರೆಕ್ಕೆ ತುದಿ, ಬಾಲದ ತುದಿ ಬೇಗ ಹರಿದು ಜೂಲುಜೂಲಾಗುವುದಕ್ಕೂ ಇದು ಒಂದು ಕಾರಣ.

ಈಗ ಹುಟ್ಟಿನಿಂದಲೇ ಬಣ್ಣ ಬೇರೆ ಇರುವ ಹಕ್ಕಿಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನವರಿಗೆ ಗೊಂದಲ ಇರುವುದು ಇಲ್ಲೇ.

ನಮ್ಮ ಕಡೆ ಫಿಂಚ್ ಅಂದರೆ ಹೆಚ್ಚಾಗಿ ಜೀಬ್ರಾ ಫಿಂಚ್. ಗಂಡಿಗೆ ಬೂದು ಬೆನ್ನು, ಕಿತ್ತಳೆ ಕೆನ್ನೆ, ಕುತ್ತಿಗೆಯ ಕೆಳಗೆ ಸಣ್ಣ ಸಣ್ಣ ಕಪ್ಪು ಗೆರೆ, ಎದೆಗೆ ಕಪ್ಪು ಪಟ್ಟಿ, ಪಕ್ಕೆಯಲ್ಲಿ ಕೆಂಗಂದು ಬಣ್ಣದ ಮೇಲೆ ಬಿಳಿ ಚುಕ್ಕೆ. ಹೆಣ್ಣಿಗೆ ಇದ್ಯಾವುದೂ ಇಲ್ಲ, ಬರೀ ಬೂದು. ಕೊಕ್ಕು ಗಂಡಿಗೆ ಕೆಂಪು, ಹೆಣ್ಣಿಗೆ ಕಿತ್ತಳೆ. ಇದರ ಊರು ಆಸ್ಟ್ರೇಲಿಯಾ. ಆ ದೇಶ ತನ್ನ ಕಾಡು ಹಕ್ಕಿಗಳನ್ನು ಹೊರಗೆ ಕಳಿಸುವುದನ್ನು 1960ರಲ್ಲೇ ನಿಲ್ಲಿಸಿತು. ಅಂದರೆ ಇವತ್ತು ಶಿರಸಿಯ ಒಂದು ಜಗುಲಿಯಲ್ಲಿ ಚಿಲಿಪಿಲಿ ಅನ್ನುತ್ತಿರುವ ಜೀಬ್ರಾ ಫಿಂಚ್ ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಗಳ ಎಷ್ಟೋ ತಲೆಮಾರಿನ ಮರಿ. ಹೊಸ ರಕ್ತ ಬರುವುದು ಕಮ್ಮಿ. ಒಂದೇ ಅಂಗಡಿ, ಒಂದೇ ಗೂಡಿನ ಅಣ್ಣ ತಂಗಿ ಜೋಡಿಯಾಗಿ ಮಾರಾಟವಾಗುವುದೂ ಉಂಟು. ಇಂಥ ಕಡೆ ಅಡಗಿಕೊಂಡಿದ್ದ ಗುಣಗಳು ಮೇಲೆ ಬರುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಗಂಡೂ ಬೂದು, ಹೆಣ್ಣೂ ಬೂದು. ನಾಲ್ಕು ಮರಿಯಲ್ಲಿ ಒಂದು ಮಾತ್ರ ತಿಳಿ ಕಂದು, ಕಾಫಿಗೆ ಹಾಲು ಜಾಸ್ತಿಯಾದ ಬಣ್ಣ. ಇದಕ್ಕೆ ಸಾಕುವವರು ಫಾನ್ ಅನ್ನುತ್ತಾರೆ. ಕಪ್ಪು ಮೆಲನಿನ್ ಕಂದಾಗಿ ಬಿಡುವುದರಿಂದ ಬರುವ ಬಣ್ಣ. ಮನೆಯವರಿಗೆ ಆಶ್ಚರ್ಯ. ತಾಯಿ ಹಕ್ಕಿ ಏನೋ ತಿಂದಿರಬೇಕು, ಗ್ರಹಣದ ದಿನ ಮೊಟ್ಟೆ ಇಟ್ಟಿರಬೇಕು ಅಂತೆಲ್ಲ ಮಾತು. ಅಸಲಿಗೆ ನಡೆದದ್ದು ಇಷ್ಟೇ. ಹಕ್ಕಿಗಳಲ್ಲಿ ಲಿಂಗದ ಲೆಕ್ಕ ನಮಗಿಂತ ತಿರುಗುಮುರುಗು. ಗಂಡು ಹಕ್ಕಿಗೆ ಝಡ್ ಕ್ರೋಮೋಸೋಮ್ ಎರಡು. ಹೆಣ್ಣಿಗೆ ಝಡ್ ಒಂದು, ಇನ್ನೊಂದು ಡಬ್ಲ್ಯೂ. ಫಾನ್ ಬಣ್ಣದ ಗುಣ ಈ ಝಡ್ ಮೇಲೆ ಕೂತಿದೆ. ಅಪ್ಪ ಹಕ್ಕಿಯ ಒಂದು ಝಡ್‌ನಲ್ಲಿ ಆ ಗುಣ ಇದ್ದರೂ ಇನ್ನೊಂದು ಝಡ್ ಅದನ್ನು ಮುಚ್ಚಿಡುತ್ತದೆ. ಅವನು ನೋಡಲು ಬೂದು. ಹೀಗೆ ಒಳಗೆ ಗುಣ ಇಟ್ಟುಕೊಂಡ ಹಕ್ಕಿಯನ್ನು ಸ್ಪ್ಲಿಟ್ ಅಂತ ಕರೆಯುವುದನ್ನು ನೀವು ಕೇಳಿರುತ್ತೀರಿ. ಮಗಳಿಗೆ ಅಪ್ಪನಿಂದ ಬರುವುದು ಒಂದೇ ಝಡ್. ಅದು ಫಾನ್ ಗುಣದ್ದಾದರೆ ಮುಚ್ಚಿಡಲು ಇನ್ನೊಂದಿಲ್ಲ. ಮಗಳು ಫಾನ್ ಆಗಿಯೇ ಹುಟ್ಟುತ್ತಾಳೆ.

ಆದ್ದರಿಂದ ಬೂದು ಜೋಡಿಯ ಗೂಡಿನಲ್ಲಿ ಫಾನ್ ಮರಿ ಕಂಡರೆ ಎರಡು ವಿಷಯ ಖಾತ್ರಿ. ಅಪ್ಪ ಸ್ಪ್ಲಿಟ್. ಮರಿ ಹೆಣ್ಣು. ಅದು ದೊಡ್ಡದಾಗಿ ಕೆನ್ನೆಗೆ ಬಣ್ಣ ಬರುವವರೆಗೆ ಕಾಯಬೇಕಿಲ್ಲ. ಅಕಸ್ಮಾತ್ ಅದೇ ಗೂಡಿನಿಂದ ಫಾನ್ ಗಂಡು ಬಂದರೆ? ಆಗ ಆ ಮೊಟ್ಟೆ ಆ ತಾಯಿಯದ್ದಲ್ಲ. ಜೀಬ್ರಾ ಫಿಂಚ್ ಹೆಣ್ಣುಗಳು ಇನ್ನೊಬ್ಬರ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುವುದು ಕಾಡಿನಲ್ಲೂ ಇದೆ, ದೊಡ್ಡ ಪಂಜರದಲ್ಲೂ ಇದೆ. ನೋಡಿ, ಒಂದು ಮರಿಯ ಬಣ್ಣ ಆ ಗೂಡಿನ ಸಂಸಾರದ ಕತೆಯನ್ನೇ ಹೇಳುತ್ತದೆ. ನನಗೆ ಈ ಹಕ್ಕಿಗಳ ಮೇಲೆ ಇಷ್ಟು ಮೋಹ ಹುಟ್ಟಿದ್ದು ಇಂಥ ವಿಷಯಗಳಿಂದಲೇ.

ಪೂರ್ತಿ ಬಿಳಿ ಜೀಬ್ರಾ ಫಿಂಚ್‌ನ ಲೆಕ್ಕ ಬೇರೆ. ಅಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಆ ಗುಣ ಅಡಗಿರಬೇಕು. ಆಗ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿ. ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಬಿಳಿ ಕಂಡ ಕೂಡಲೇ ಆಲ್ಬಿನೋ ಅನ್ನಬೇಡಿ. ಕಣ್ಣು ನೋಡಿ. ಆಲ್ಬಿನೋ ಹಕ್ಕಿಗೆ ಮೆಲನಿನ್ ಎಲ್ಲೂ ಇಲ್ಲ, ಹಾಗಾಗಿ ಕಣ್ಣಿನ ಒಳಗಿನ ರಕ್ತವೇ ಕೆಂಪಾಗಿ ಕಾಣುತ್ತದೆ. ನಮ್ಮ ಬಿಳಿ ಫಿಂಚ್‌ನ ಕಣ್ಣು ಕಪ್ಪು. ಅದರ ಕೊಕ್ಕೂ ಮಾಮೂಲಿನಂತೆ ಕೆಂಪೇ, ಯಾಕೆ ಅಂದರೆ ಕೊಕ್ಕಿನ ಬಣ್ಣ ಮೆಲನಿನ್‌ದಲ್ಲ, ಕ್ಯಾರೊಟಿನಾಯ್ಡ್‌ದು.

ಇಲ್ಲಿ ಒಂದು ಕಳಕಳಿಯ ಮಾತು. ಫಾನ್ ಒಂದು ಹುಟ್ಟಿತು ಅಂತ ಅದನ್ನು ಅದರ ಅಣ್ಣನ ಜೊತೆಗೋ ಅಪ್ಪನ ಜೊತೆಗೋ ಜೋಡಿ ಮಾಡುತ್ತಾರೆ. ಬಣ್ಣ ಬೇಗ ಜಾಸ್ತಿಯಾಗಲಿ ಅನ್ನುವ ಆಸೆ. ಬಣ್ಣವೇನೋ ಬರುತ್ತದೆ. ಅದರ ಜೊತೆ ಒಡೆಯದ ಮೊಟ್ಟೆ, ಗೂಡಿನಲ್ಲೇ ಸಾಯುವ ಮರಿ, ಸಣ್ಣ ಮೈ, ನಿಶ್ಶಕ್ತಿಯೂ ಬರುತ್ತವೆ. ಬೇರೆ ಊರಿನ ಸಾಕುವವರ ಹತ್ತಿರ ಹಕ್ಕಿ ಬದಲಿಸಿಕೊಳ್ಳಿ. ಭಟ್ಕಳದವರು ಶಿರಸಿಯವರಿಗೆ ಕೊಡಿ, ಶಿರಸಿಯವರು ಕಾರವಾರಕ್ಕೆ ಕೊಡಿ. ಇಂಥ ಕೂಟ ಮಾಡುವುದೇ ಇದಕ್ಕಾಗಿ.

ಬೆಂಗಾಲೀಸ್ ಫಿಂಚ್ ಸಾಕುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ತುಂಬಾ ಜನ. ಹೆಸರು ಕೇಳಿದರೆ ಬಂಗಾಳದ್ದು ಅನ್ನಿಸುತ್ತದೆ. ಆದರೆ ಈ ಹೆಸರಿನ ಕಾಡು ಹಕ್ಕಿ ಜಗತ್ತಿನಲ್ಲಿ ಎಲ್ಲೂ ಇಲ್ಲ. ಜಪಾನಿನಲ್ಲಿ 18ನೇ ಶತಮಾನದಿಂದ ಈಚೆಗೆ, ಚೀನಾದಿಂದ ತಂದ ಮುನಿಯಾ ಹಕ್ಕಿಯನ್ನು ಸಾಕಿ ಸಾಕಿ ಮಾಡಿದ ಮನೆಹಕ್ಕಿ ಇದು. ಆ ಮುನಿಯಾದ ಜಾತಿಯೇ ನಮ್ಮ ಘಟ್ಟದಲ್ಲೂ ಇದೆ. ಕಪ್ಪುಕಂದು ಮೈ, ಬಿಳಿ ಹೊಟ್ಟೆ, ಬಾಲದ ಮೇಲೆ ಸೊಂಟದ ಹತ್ತಿರ ಬಿಳಿ ಪಟ್ಟಿ, ಚೂಪು ಬಾಲ. ಅಡಿಕೆ ತೋಟದ ಅಂಚಿನಲ್ಲಿ, ಹುಲ್ಲಿನ ತೆನೆ ಮೇಲೆ ಗುಂಪಾಗಿ ಕೂರುತ್ತವೆ. ರಾಟವಾಳ ಅಂತ ಕರೆಯುವ ಹಕ್ಕಿಗಳ ಬಳಗದ್ದು. ಕಾಡಿನಲ್ಲಿ ಎಲ್ಲವೂ ಒಂದೇ ಅಚ್ಚು. ಪಂಜರದಲ್ಲಿ ಅದೇ ಹಕ್ಕಿ ಚಾಕೊಲೇಟ್, ಫಾನ್, ಬಿಳಿ ಮಚ್ಚೆ, ಪೂರ್ತಿ ಬಿಳಿ, ತಲೆಗೆ ಜುಟ್ಟು ಅಂತ ನಾನಾ ರೂಪ. ಕಾಡಿನಲ್ಲಿ ಬಿಳಿ ಮಚ್ಚೆಯ ಹಕ್ಕಿ ಗಿಡುಗನ ಕಣ್ಣಿಗೆ ಬೇಗ ಬೀಳುತ್ತದೆ. ಪಂಜರದಲ್ಲಿ ಮನುಷ್ಯ ಅದನ್ನೇ ಆರಿಸಿ ಮರಿ ಮಾಡಿಸುತ್ತಾನೆ. ಹಾಗಾಗಿ ನಿಮ್ಮ ಬೆಂಗಾಲೀಸ್ ಜೋಡಿಗೆ ಒಂದೊಂದು ಮರಿ ಒಂದೊಂದು ಮಚ್ಚೆ ಹೊತ್ತು ಬಂದರೆ ಅದು ಮಾಮೂಲು. ಎಡಗಡೆ ಬಿಳಿ, ಬಲಗಡೆ ಕಂದು ಇದ್ದರೂ ಗಾಬರಿ ಬೇಡ.

ಗೌಲ್ಡಿಯನ್ ಫಿಂಚ್ ನಮ್ಮ ಕಡೆ ಕಮ್ಮಿ, ಬೇಗ ಹೇಳಿ ಮುಗಿಸುತ್ತೇನೆ. 1844ರಲ್ಲಿ ಜಾನ್ ಗೌಲ್ಡ್ ತೀರಿಹೋದ ಹೆಂಡತಿ ಎಲಿಜಬೆತ್ ನೆನಪಿಗೆ ಹೆಸರಿಟ್ಟ ಹಕ್ಕಿ ಅದು. ಕಾಡಿನಲ್ಲೇ ಮೂರು ತಲೆ ಬಣ್ಣ: ಹೆಚ್ಚಿನವು ಕರಿತಲೆ, ಅದಕ್ಕಿಂತ ಕಡಿಮೆ ಕೆಂಪುತಲೆ, ಅಪರೂಪಕ್ಕೆ ಹಳದಿತಲೆ. ಇದು ಯಾವುದೂ ಕೊರತೆಯಲ್ಲ. ಇದರ ಮರಿಗಳು ಮಂಕು ಬೂದು ಹಸಿರು. ಮೊದಲ ಸಲ ಗರಿ ಬದಲಿಸುವಾಗ ಚಳಿ, ಜಾಗ ಬದಲಾವಣೆ, ಊಟದ ಕೊರತೆ ಬಂದರೆ ಅರ್ಧಕ್ಕೇ ನಿಂತುಬಿಡುತ್ತವೆ. ಮೈಯೆಲ್ಲ ತೇಪೆ ಹಾಕಿದ ಹಾಗೆ ಕಾಣುತ್ತದೆ. ಹೊಸ ಮ್ಯುಟೇಶನ್ ಅಂತ ಹೇಳಿ ಮಾರಿದರೆ ನಂಬಬೇಡಿ. ಅದು ದೊಡ್ಡದಾಗಲು ಕಷ್ಟಪಡುತ್ತಿರುವ ಮರಿ.

ಇನ್ನು ಎರಡನೇ ಪ್ರಶ್ನೆ. ಹುಟ್ಟುವಾಗ ಸರಿ ಇತ್ತು, ಗರಿ ಉದುರಿ ಹೊಸದು ಬಂದಾಗ ಬಣ್ಣ ಬೇರೆ ಆಯಿತು. ಇಲ್ಲಿ ಊಟ, ಆರೋಗ್ಯ, ವಯಸ್ಸಿನ ಕಡೆ ನೋಡಬೇಕು.

ಒಂದೇ ಒಂದು ಗರಿ ಬಿಳಿಯಾದರೆ, ಆ ಜಾಗಕ್ಕೆ ಎಂದಾದರೂ ಪೆಟ್ಟು ಬಿದ್ದಿತ್ತಾ ನೋಡಿ. ಜೊತೆಯ ಹಕ್ಕಿ ಕಿತ್ತಿರಬಹುದು, ಪಂಜರದ ತಂತಿಗೆ ತಾಗಿರಬಹುದು. ಗರಿಯ ಬುಡದಲ್ಲಿ ಬಣ್ಣ ಕೊಡುವ ಜೀವಕೋಶಗಳು ಸತ್ತರೆ ಅಲ್ಲಿಂದ ಬರುವ ಗರಿ ಬಿಳಿಯೇ. ಪ್ರತಿ ಸಲ ಗರಿ ಉದುರಿದಾಗಲೂ ಬಿಳಿ ಜಾಸ್ತಿಯಾಗುತ್ತಾ ಹೋದರೆ ಅದು ವಯಸ್ಸಿನದ್ದೋ, ಮನುಷ್ಯರಿಗೆ ಬರುವ ತೊನ್ನಿನಂಥದ್ದೋ ಆಗಿರಬಹುದು. ಹಕ್ಕಿಗೆ ನೋವಿಲ್ಲ. ಇನ್ನೊಂದಕ್ಕೆ ಅಂಟುವುದೂ ಇಲ್ಲ.

ಹಲವು ಗರಿಗಳಲ್ಲಿ ಬಣ್ಣ ಮಾಸಿದ್ದರೆ ಊಟ ನೋಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಫಿಂಚ್‌ಗೆ ವರ್ಷಪೂರ್ತಿ ಬರೀ ನವಣೆ. ನವಣೆ ಒಳ್ಳೆ ಧಾನ್ಯವೇ. ಆದರೆ ಅದರಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಮ್ಮಿ. ಕಂಚಿನ ಬಣ್ಣದ ಟರ್ಕಿ ಕೋಳಿಯ ಮರಿಗಳಿಗೆ ಲೈಸಿನ್ ಕಡಿಮೆಯಾದರೆ ರೆಕ್ಕೆಯ ಗರಿಯಲ್ಲಿ ಬಿಳಿ ಬರುವುದನ್ನು 1940ರ ದಶಕದಲ್ಲೇ ಕಂಡುಕೊಂಡಿದ್ದರು. ಗರಿ ಅಂದರೆ ಹೆಚ್ಚುಕಮ್ಮಿ ಪೂರ್ತಿ ಪ್ರೋಟೀನೇ. ಗರಿ ಉದುರುವ ಸಮಯದಲ್ಲಿ, ಮರಿ ಇರುವಾಗ, ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ ಒಂದು ಚಮಚ ಇಡಿ. ಹರಿವೆ ಸೊಪ್ಪು, ನುಗ್ಗೆ ಸೊಪ್ಪು ತೊಳೆದು ಕೊಡಿ. ನೆನೆಸಿ ಮೊಳಕೆ ಬರಿಸಿದ ಕಾಳು ಕೊಡಿ. ಬೆಳಿಗ್ಗೆ ಇಟ್ಟ ಮೊಟ್ಟೆಯ ಪುಡಿಯನ್ನು ಮಧ್ಯಾಹ್ನದ ಮೊದಲು ತೆಗೆದುಬಿಡಿ, ನಮ್ಮ ಕರಾವಳಿಯ ಸೆಕೆಗೆ ಬೇಗ ಹಳಸುತ್ತದೆ.

ಉದುರಿದ ಬಾಲದ ಗರಿಯೊಂದನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಇಗೋ, ನಾನು ಒಂದು ತಂದಿದ್ದೇನೆ. ಕಿಟಕಿ ಕಡೆ ಹಿಡಿಯುತ್ತೇನೆ. ನಡುವೆ ಅಡ್ಡಕ್ಕೆ ಒಂದು ತೆಳು ಗೆರೆ ಕಾಣುತ್ತಿದೆಯಾ? ಅಲ್ಲಿ ಗರಿಯ ಎಳೆಗಳು ಸಣಕಲು, ಬೆಳಕು ಹಾಯುತ್ತದೆ. ಗರಿಯ ಆ ಭಾಗ ಬೆಳೆಯುತ್ತಿದ್ದ ಹೊತ್ತಿಗೆ ಹಕ್ಕಿ ಹಸಿದಿತ್ತು, ಇಲ್ಲವೇ ಹೆದರಿತ್ತು, ಇಲ್ಲವೇ ಹುಷಾರಿರಲಿಲ್ಲ. ಬಾಲದ ಎಲ್ಲ ಗರಿಗಳಲ್ಲೂ ಈ ಗೆರೆ ಒಂದೇ ಸಾಲಿನಲ್ಲಿ ಬಂದಿದ್ದರೆ ಅದು ಗೂಡಿನ ಕಾಲದ ಗೆರೆ. ಮರಿಯಾಗಿದ್ದಾಗ ಮಾತ್ರ ಬಾಲದ ಗರಿಗಳೆಲ್ಲ ಒಟ್ಟಿಗೆ ಬೆಳೆಯುತ್ತವೆ. ದೊಡ್ಡ ಹಕ್ಕಿ ಒಂದೊಂದೇ ಗರಿ ಬದಲಿಸುವುದರಿಂದ ಗೆರೆಗಳು ಹಿಂದೆಮುಂದೆ ಇರುತ್ತವೆ. ಅಂಗಡಿಯಿಂದ ತಂದ ಹಕ್ಕಿಯ ಬಾಲ್ಯ ಹೇಗಿತ್ತು ಅನ್ನುವುದನ್ನು ಅದರ ಬಾಲ ಹೇಳುತ್ತದೆ.

ಈಗ ಕ್ಯಾರೆಟ್ ವಿಷಯ. ಕೆನ್ನೆ ಕೆಂಪಾಗಲಿ ಅಂತ ಜೀಬ್ರಾ ಫಿಂಚ್‌ಗೆ ಕ್ಯಾರೆಟ್ ತುರಿದು ಹಾಕುವವರಿದ್ದಾರೆ. ತಿನ್ನಲಿ, ಒಳ್ಳೆಯದೇ. ಆದರೆ ಆ ಕಿತ್ತಳೆ ಕೆನ್ನೆಯೂ ಮೆಲನಿನ್‌ದೇ. ಕ್ಯಾರೆಟ್‌ನಿಂದ ಕೆನ್ನೆ ಬದಲಾಗುವುದಿಲ್ಲ. ಈ ಹಕ್ಕಿಯಲ್ಲಿ ಕ್ಯಾರೊಟಿನಾಯ್ಡ್ ಕೆಲಸ ಮಾಡುವುದು ಕೊಕ್ಕು, ಕಾಲುಗಳಲ್ಲಿ. ಕೊಕ್ಕು ಜೀವಂತ ಭಾಗ, ಅದು ಗರಿಯ ಹಾಗೆ ಕಾಯುವುದಿಲ್ಲ. ಕೆಂಪು ಕೊಕ್ಕಿನ ಗಂಡು ಕೆಲವೇ ವಾರದಲ್ಲಿ ಮಂಕು ಕಿತ್ತಳೆಗೆ ಇಳಿದರೆ ಅದರ ಊಟ, ಆರೋಗ್ಯ ಎರಡನ್ನೂ ನೋಡಬೇಕು. ಹುಟ್ಟಿನಿಂದಲೇ ಹಳದಿ ಕೊಕ್ಕು ಇರುವ ಜೀಬ್ರಾ ಫಿಂಚ್‌ಗಳೂ ಇವೆ. ಊಟದ ಹಳದಿಯನ್ನು ಕೆಂಪಿಗೆ ತಿರುಗಿಸುವ ಜೀನ್ ಯಾವುದು ಅಂತ 2016ರಲ್ಲಿ ವಿಜ್ಞಾನಿಗಳು ಪತ್ತೆ ಮಾಡಿದ್ದು ಇಂಥ ಹಕ್ಕಿಗಳಿಂದ, ಮತ್ತು ಕೆಂಪು ಕ್ಯಾನರಿಗಳಿಂದ.

ಅಮೆರಿಕದ ಹೌಸ್ ಫಿಂಚ್‌ನ ಕತೆ ಬೇರೆ. ಅದರ ಗಂಡಿನ ಎದೆ ಕೆಂಪು, ಮತ್ತು ಆ ಕೆಂಪು ಪೂರ್ತಿ ಊಟದ್ದು. ಹಿಡಿದು ತಂದು ಬರೀ ಕಾಳು ಹಾಕಿದರೆ ಮುಂದಿನ ಗರಿ ಹಳದಿಯಾಗಿ ಬರುತ್ತದೆ. ಯಾವ ಹಕ್ಕಿಯ ಬಣ್ಣ ಯಾವುದರಿಂದ ಅಂತ ತಿಳಿಯದೆ ಬಣ್ಣದ ಟಾನಿಕ್ ಕೊಳ್ಳಬೇಡಿ ಅನ್ನುವುದು ಇದಕ್ಕೇ.

ನಮ್ಮ ಜಿಲ್ಲೆಯವರು ಎಲ್ಲಕ್ಕಿಂತ ಜಾಸ್ತಿ ಎಚ್ಚರ ಇಡಬೇಕಾದ್ದು ಕಾಳಿನ ಡಬ್ಬಿಯ ಮೇಲೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ, ಅಡಿಕೆಗೇ ಬೂಸ್ಟು ಬರುತ್ತದೆ, ನವಣೆ ಬಿಡುತ್ತದಾ? ಬೂಸ್ಟಿನಲ್ಲಿ ಕೆಲವು ಅಫ್ಲಾಟಾಕ್ಸಿನ್ ಅನ್ನುವ ವಿಷ ಮಾಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಶೇಂಗಾ ಹಿಂಡಿಯಿಂದ. ಈ ವಿಷ ಹೊಡೆಯುವುದು ಲಿವರನ್ನು. ಲಿವರ್ ಸೋತ ಹಕ್ಕಿಯಲ್ಲಿ ಹೊಸ ಗರಿ ಚೆನ್ನಾಗಿ ಬರುವುದಿಲ್ಲ, ಬಣ್ಣ ಮಂಕಾಗುತ್ತದೆ ಅಥವಾ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಮೂಟೆ ತರಬೇಡಿ. ಸ್ವಲ್ಪಸ್ವಲ್ಪ ತನ್ನಿ. ಕೈ ಹಾಕಿ ಮೂಸಿ ನೋಡಿ. ಗಂಟು ಕಟ್ಟಿದ್ದರೆ, ಮಣ್ಣಿನ ವಾಸನೆ ಬಂದರೆ ಪೂರ್ತಿ ಎಸೆಯಿರಿ. ತೊಳೆದರೆ, ಹುರಿದರೆ ಆ ವಿಷ ಹೋಗುವುದಿಲ್ಲ.

ಕಪ್ಪಾಗುವುದರ ಬಗ್ಗೆ ಇನ್ನೊಂದು ಹಳೆಯ ಸಂಗತಿ. 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್ ಒಂದು ಬುಲ್‌ಫಿಂಚ್ ಹಕ್ಕಿಯ ಬಗ್ಗೆ ಬರೆದಿಟ್ಟಿದ್ದಾನೆ. ಪೂರ್ತಿ ಬಣ್ಣ ಬಂದ ಮೇಲೆ ಹಿಡಿದದ್ದು. ಪಂಜರದಲ್ಲಿ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಾ ಬಂದು ನಾಲ್ಕು ವರ್ಷಕ್ಕೆ ಇದ್ದಿಲಿನಂತಾಯಿತು. ಅದರ ಮುಖ್ಯ ಊಟ ಗಾಂಜಾ ಗಿಡದ ಬೀಜ, ಅಂದರೆ ಎಣ್ಣೆಕಾಳು. ಒಂದೇ ಬಗೆಯ ಎಣ್ಣೆಕಾಳು ತಿಂದು, ಬಿಸಿಲು ಕಾಣದ ಮೂಲೆಯಲ್ಲಿರುವ ಹಕ್ಕಿ ಕಪ್ಪಾಗುವುದನ್ನು ಸಾಕುವವರು ಆಮೇಲೂ ಕಂಡಿದ್ದಾರೆ. ಪಂಜರಕ್ಕೆ ದಿನಾ ಬೆಳಗಿನ ಎಳೆಬಿಸಿಲು ತಾಗಲಿ, ಒಂದು ಬದಿಗೆ ನೆರಳೂ ಇರಲಿ.

ಮೂರನೇ ಪ್ರಶ್ನೆ. ಗರಿ ಉದುರಲೇ ಇಲ್ಲ, ಬಣ್ಣ ಮಾತ್ರ ಬದಲಾಯಿತು. ಗರಿ ಸತ್ತ ವಸ್ತು ಅಂತ ಆಗಲೇ ಹೇಳಿದೆ. ಹಾಗಾದರೆ ಈ ಬಣ್ಣ ಹೊರಗಿನಿಂದ ಬಂದದ್ದು, ಇಲ್ಲವೇ ಬಿಸಿಲಿಗೆ ಮಾಸಿದ್ದು. ಬಚ್ಚಲು ಒಲೆಯ ಹತ್ತಿರ, ಅಡಿಕೆ ಬೇಯಿಸುವ ಕಡೆ ಪಂಜರ ತೂಗಿದ್ದರೆ ಹೊಗೆಯ ಮಸಿ ಕೂರುತ್ತದೆ. ಇದು ಸಣ್ಣ ವಿಷಯ ಅಲ್ಲ. ಅಮೆರಿಕದ ಮ್ಯೂಸಿಯಂಗಳಲ್ಲಿ 135 ವರ್ಷಗಳ ಅವಧಿಯ ಸುಮಾರು 1300 ಹಕ್ಕಿಗಳ ಗರಿಯ ಮಸಿ ನೋಡಿಯೇ ಅಲ್ಲಿನ ಗಾಳಿ ಯಾವಾಗ ಎಷ್ಟು ಕೊಳಕಾಗಿತ್ತು ಅಂತ ಲೆಕ್ಕ ಹಾಕಿದ್ದಾರೆ, 2017ರಲ್ಲಿ ಪ್ರಕಟವಾದ ಕೆಲಸ ಅದು. ಗರಿಯ ಮೇಲೆ ಕೂತ ಹೊಗೆ ಶ್ವಾಸಕೋಶಕ್ಕೂ ಹೋಗಿರುತ್ತದೆ. ಪಂಜರದ ಜಾಗ ಬದಲಿಸಿ. ಇನ್ನು ನಮ್ಮ ಚಿರೆಕಲ್ಲಿನ ನೆಲದಲ್ಲಿ ಕೆಲವು ಬಾವಿಗಳ ನೀರಿಗೆ ಕಬ್ಬಿಣ ಜಾಸ್ತಿ. ಬಕೆಟ್ಟಿಗೆ ಕೆಂಪು ಕಲೆ ಕಟ್ಟುವ ನೀರಿನಲ್ಲಿ ಬಿಳಿ ಫಿಂಚ್ ದಿನಾ ಮಿಂದರೆ ಹೊಟ್ಟೆಯ ಗರಿಗೂ ಆ ಕಂದು ಹತ್ತಬಹುದು. ನೀರು ಬದಲಿಸಿ, ಗರಿ ಬದಲಾದಾಗ ಸರಿಯಾಗುತ್ತದೆ.

ಕೊನೆಯದು ಬಣ್ಣ ಬಳಿದ ಹಕ್ಕಿ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಗದ್ದೆಯಿಂದ ಬಲೆ ಹಾಕಿ ಹಿಡಿದ ನಮ್ಮದೇ ರಾಟವಾಳಗಳಿಗೆ ಹಸಿರು, ಗುಲಾಬಿ, ಹಳದಿ ಬಣ್ಣ ಬಳಿದು ವಿದೇಶಿ ಫಿಂಚ್ ಅಂತ ಸಂತೆಯಲ್ಲಿ, ಜಾತ್ರೆಯಲ್ಲಿ ಮಾರುತ್ತಾರೆ. ಗುರುತಿಸುವುದು ಕಷ್ಟವಲ್ಲ. ಗರಿ, ಕಾಲು, ಕೊಕ್ಕಿನ ಬುಡ, ಎಲ್ಲ ಕಡೆ ಒಂದೇ ಬಣ್ಣದ ಛಾಯೆ ಇರುತ್ತದೆ. ಹುಟ್ಟು ಬಣ್ಣ ಹಾಗೆ ಬರುವುದಿಲ್ಲ. ಎದೆಯ ಗರಿಯನ್ನು ಊದಿ ಬಿಡಿಸಿದರೆ ಮೇಲಷ್ಟೇ ಬಣ್ಣ, ಒಳಗೆ ಬುಡದಲ್ಲಿ ಬೂದು, ಚರ್ಮದ ಮೇಲೆ ಅಲ್ಲಲ್ಲಿ ಬಣ್ಣದ ಕಲೆ. ಒದ್ದೆ ಹತ್ತಿ ಒತ್ತಿದರೆ ಕೆಲವು ಸಲ ಬಣ್ಣ ಹತ್ತಿಗೇ ಬರುತ್ತದೆ. ಆ ಹಕ್ಕಿ ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗಲೆಲ್ಲ ಬಣ್ಣ ಹೊಟ್ಟೆಗೆ ಹೋಗುತ್ತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡಿನ, ಗದ್ದೆಯ ಮುನಿಯಾಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಪಾಪ ಅಂತ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದರೂ ಮಾರುವವನಿಗೆ ಅದು ವ್ಯಾಪಾರವೇ. ಅವನು ನಾಳೆ ಮತ್ತೆ ಬಲೆ ಹಾಕುತ್ತಾನೆ. ಅರಣ್ಯ ಇಲಾಖೆಗೆ ತಿಳಿಸಿ.

ಆಮೇಲೆ ಪ್ರಶ್ನೆಗಳು ಬಂದವು.

ಕುಮಟಾದಿಂದ ಬಂದ ಅಕ್ಕ ಒಬ್ಬರು ಕೇಳಿದರು: "ಸರ್, ಅರ್ಧ ಮೈ ಗಂಡಿನ ಹಾಗೆ, ಅರ್ಧ ಹೆಣ್ಣಿನ ಹಾಗೆ ಇರುವ ಫಿಂಚ್ ಇರ್ತದಂತೆ, ಹೌದಾ?"

ಹೌದು ಅಕ್ಕಾ. ತುಂಬಾ ಅಪರೂಪ, ಆದರೆ ಇದೆ. ಅಂಥ ಒಂದು ಜೀಬ್ರಾ ಫಿಂಚ್ ಬಗ್ಗೆ 2003ರಲ್ಲಿ ಅಮೆರಿಕದ ವಿಜ್ಞಾನಿಗಳು ಬರೆದಿದ್ದಾರೆ. ಬಲಗಡೆ ಗಂಡಿನ ಕೆನ್ನೆ, ಎದೆಪಟ್ಟಿ, ಪಕ್ಕೆಯ ಚುಕ್ಕೆ. ಎಡಗಡೆ ಹೆಣ್ಣಿನ ಬೂದು. ಗೆರೆ ಎಳೆದಂತೆ ನಡುವೆ ಭಾಗ. ಆ ಹಕ್ಕಿ ಗಂಡಿನಂತೆ ಹಾಡುತ್ತಿತ್ತು. ಒಂದೊಂದು ಬದಿಯ ಜೀವಕೋಶಗಳೇ ಬೇರೆ ಲಿಂಗದ್ದು. ಅದಕ್ಕೆ ಔಷಧಿಯೂ ಇಲ್ಲ, ಬೇಕಾಗಿಯೂ ಇಲ್ಲ. ನಿಮ್ಮಲ್ಲಿ ಹುಟ್ಟಿದರೆ ಎರಡೂ ಬದಿಯ ಫೋಟೋ ತೆಗೆದಿಡಿ.

ಅವರ ಪಕ್ಕದಲ್ಲಿದ್ದ ಅಜ್ಜ ಹೇಂಟೆ ಕೂಗಿದರೆ ಅಪಶಕುನ ಅನ್ನುವುದರ ಬಗ್ಗೆ ಕೇಳಿದರು. ಇದೂ ಬಣ್ಣಕ್ಕೆ ಸಂಬಂಧಪಟ್ಟದ್ದೇ. ಕೋಳಿ, ನವಿಲುಗಳಲ್ಲಿ ಹೆಣ್ಣಿನ ಅಂಡಾಶಯ ಕೆಲಸ ನಿಲ್ಲಿಸಿದರೆ ಮುಂದಿನ ಗರಿಗಳು ಹುಂಜನ ಬಣ್ಣದಲ್ಲಿ ಬರಬಹುದು, ಕೂಗುವುದೂ ಉಂಟು. ಶಕುನ ಏನೂ ಇಲ್ಲ, ಆ ಕೋಳಿಗೆ ವಯಸ್ಸಾಗಿದೆ ಅಥವಾ ಹೊಟ್ಟೆಯೊಳಗೆ ತೊಂದರೆ ಇದೆ. ದಯವಿಟ್ಟು ಅದಕ್ಕಾಗಿ ಕೊಯ್ಯಬೇಡಿ ಅಂತ ಅಜ್ಜನ ಹತ್ತಿರ ಕೇಳಿಕೊಂಡೆ.

ಕಾಲೇಜಿನ ಹುಡುಗನೊಬ್ಬ, "ಸರ್, ಪಶುವೈದ್ಯರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು? ಹೋದರೆ ಹಕ್ಕಿ ಅಲ್ಲಿ ಹೆದರಿ ಮೂಲೆ ಸೇರ್ತದೆ, ಏನೂ ಗೊತ್ತಾಗೋದಿಲ್ಲ" ಅಂದ.

ಒಳ್ಳೆ ಪ್ರಶ್ನೆ ತಮ್ಮಾ. ಹಕ್ಕಿಯನ್ನು ಅದರ ಪಂಜರದಲ್ಲೇ ಒಯ್ಯಿ, ಮೇಲೆ ತೆಳು ಬಟ್ಟೆ ಹಾಕು. ಹಿಂದಿನ ರಾತ್ರಿ ತಟ್ಟೆಗೆ ಬಿಳಿ ಕಾಗದ ಹಾಸಿ ಹಿಕ್ಕೆ ಬಿದ್ದ ಆ ಕಾಗದವನ್ನೇ ತೆಗೆದುಕೋ. ಈಗ ತಿನ್ನಿಸುತ್ತಿರುವ ಕಾಳು ಒಂದು ಹಿಡಿ, ಕುಡಿಸುವ ನೀರು ಒಂದು ಸಣ್ಣ ಬಾಟಲಿ. ಬಣ್ಣ ಸರಿ ಇದ್ದಾಗಿನ ಫೋಟೋ, ಈಗಿನ ಫೋಟೋ, ಎರಡಕ್ಕೂ ತಾರೀಖು ಇರಲಿ. ಉದುರಿದ ಹಳೆ ಗರಿ ಸಿಕ್ಕಿದ್ದರೆ ಕಾಗದದ ಕವರಿನಲ್ಲಿ ಹಾಕಿ ಸಿಕ್ಕಿದ ದಿನ ಬರೆದಿಡು. ಪ್ಲಾಸ್ಟಿಕ್‌ನಲ್ಲಿ ಬೇಡ, ಈ ಮಳೆಯಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ. ಪಂಜರದ ಬೇರೆ ಹಕ್ಕಿಗಳಲ್ಲೂ ಇದೇ ಬದಲಾವಣೆ ಇದೆಯಾ ಅಂತ ನೋಡಿಕೊಂಡು ಹೋಗು. ಅವರು ಮೊದಲು ಕೇಳುವುದು ಅದನ್ನೇ.